ಬಳಸುವ ಮೊದಲು ಒಂದು ಚಾಟ್‌ಬಾಟ್ ಮಾಡಿ ನೋಡಲಿ

(ಮಹಿಳಾ ವೇದಿಕೆಯ ಆನ್‌ಲೈನ್ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಎಂ.ಟೆಕ್. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವಳು. ಇರುವುದು ಪುಣೆ ಜಿಲ್ಲೆಯ ಭೋರ್‌ನಲ್ಲಿ. ಬಿಡುವಿದ್ದ ಭಾನುವಾರಗಳಲ್ಲಿ ಅಕ್ಕಪಕ್ಕದ ಮನೆಗಳ ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಕೆಲವರ ಮನೆಮಾತು ಕನ್ನಡ, ಹೆಚ್ಚಿನವರದು ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮಕ್ಕಳಿಗೆ ಎಐ ಬಗ್ಗೆ ತಿಳಿವಳಿಕೆ ಕೊಡುವುದು ಹೇಗೆ ಅಂತ ನೀವು ಕೇಳಿದ್ದೀರಿ. ನನ್ನ ಉತ್ತರ ಚಿಕ್ಕದು: ಚಾಟ್‌ಬಾಟ್ ಹೇಳಿದ್ದನ್ನು ನಂಬುವ ಮೊದಲು ಮಗು ತಾನೇ ಒಂದು ಪುಟ್ಟ ಚಾಟ್‌ಬಾಟ್ ಮಾಡಿ ನೋಡಲಿ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಈಗ ಪ್ರಬಂಧ, ಲೆಕ್ಕ, ಜ್ವರಕ್ಕೆ ಯಾವ ಮಾತ್ರೆ, ಗೆಳತಿ ಮುನಿಸಿಕೊಂಡರೆ ಏನು ಮಾಡಲಿ, ಎಲ್ಲವನ್ನೂ ಮಕ್ಕಳು ಅದನ್ನೇ ಕೇಳುತ್ತಿದ್ದಾರೆ. ಸಿಬಿಎಸ್‌ಇ 2019-20ರಲ್ಲೇ 9ನೇ ತರಗತಿಗೆ ಎಐ ಅನ್ನು ಐಚ್ಛಿಕ ವಿಷಯವಾಗಿ ತಂದಿತು. ಆದರೆ ಫೋನ್ ಇರುವುದು ಮನೆಯಲ್ಲಿ. ಚಾಟ್‌ಜಿಪಿಟಿಯ ನಿಯಮದಲ್ಲೇ 13 ವರ್ಷದೊಳಗಿನವರು ಬಳಸಬಾರದು, 18ರೊಳಗಿನವರಿಗೆ ತಂದೆ-ತಾಯಿಯ ಒಪ್ಪಿಗೆ ಬೇಕು ಅಂತಿದೆ. ಅಂದರೆ ಜವಾಬ್ದಾರಿ ನಮ್ಮ ತಲೆಯ ಮೇಲೂ ಇದೆ.

ನಮ್ಮ ಪಾಠದ ಮೊದಲ ದಿನ ಕಂಪ್ಯೂಟರ್ ಇರುವುದಿಲ್ಲ, ಚೀಟಿಗಳಿರುತ್ತವೆ. ಭೋರ್‌ಗೆ ಬಂದವರು ಏನೇನು ಕೇಳಬಹುದು ಅಂತ ಮಕ್ಕಳೇ ಪಟ್ಟಿ ಮಾಡುತ್ತಾರೆ. ರಾಜವಾಡೆ ಎಲ್ಲಿದೆ? ಸ್ವಾರ್‌ಗೇಟ್‌ಗೆ ಬಸ್ಸು ಎಷ್ಟು ಹೊತ್ತಿಗೆ? ಭಾಟ್‌ಘರ್ ಅಣೆಕಟ್ಟಿಗೆ ದಾರಿ ಯಾವುದು? ಚೀಟಿಯ ಒಂದು ಬದಿಗೆ ಮುಖ್ಯ ಪದ, ಇನ್ನೊಂದು ಬದಿಗೆ ಉತ್ತರ. ಒಂದು ಮಗು ಪರದೆಯ ಹಿಂದೆ ಕೂತು ಯಂತ್ರವಾಗುತ್ತದೆ. ನಿಯಮ ಒಂದೇ: ಯೋಚನೆ ಮಾಡುವ ಹಾಗಿಲ್ಲ. ಚೀಟಿಯಲ್ಲಿರುವ ಪದ ಪ್ರಶ್ನೆಯಲ್ಲಿ ಬಂದರೆ ಉತ್ತರ ಓದಬೇಕು, ಬರದಿದ್ದರೆ ಕೊನೆಯ ಚೀಟಿ ಓದಬೇಕು. ‘ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎನ್ನುವ ಪ್ರೋಗ್ರಾಮಿಂಗ್‌ನ ಬುನಾದಿ ಅಲ್ಲೇ ಬಿದ್ದುಬಿಡುತ್ತದೆ. ಮುಂದಿನ ವಾರ ಇದೇ ಚೀಟಿಗಳು ಕಂಪ್ಯೂಟರ್‌ಗೆ ಹೋಗುತ್ತವೆ. ಚಿಕ್ಕವರಿಗೆ ಸ್ಕ್ರ್ಯಾಚ್, ಅಂದರೆ ಅಮೆರಿಕದ ಎಂಐಟಿಯವರು 2007ರಲ್ಲಿ ಹೊರತಂದ, ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಉಚಿತ ಸಾಧನ. ದೊಡ್ಡವರಿಗೆ ಪೈಥಾನ್. ಹದಿನೈದು-ಇಪ್ಪತ್ತು ಸಾಲುಗಳಲ್ಲಿ ಬಾಟ್ ಮಾತಾಡುತ್ತದೆ.

ಇದು ಮಕ್ಕಳಾಟ ಅನ್ನಿಸಬಹುದು. ಅದೇ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಪ್ರಾಧ್ಯಾಪಕರು 1966ರಲ್ಲಿ ಪ್ರಕಟಿಸಿದ ‘ಎಲೈಜಾ’ ಕೂಡ ಹೆಚ್ಚು ಕಡಿಮೆ ಹೀಗೇ ಇತ್ತು. ಬಳಸುವವರ ಮಾತಿನಲ್ಲಿ ಒಂದು ಪದ ಹಿಡಿದು, ವಾಕ್ಯವನ್ನು ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು. ‘ಅಮ್ಮ’ ಅಂದರೆ ‘ಮನೆಯವರ ಬಗ್ಗೆ ಇನ್ನಷ್ಟು ಹೇಳಿ’ ಎನ್ನುವ ಧಾಟಿ. ಅದನ್ನು ತಯಾರಿಸುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಎಲೈಜಾ ಜೊತೆ ಮಾತಾಡಲು ಕೂತಾಗ, ‘ನೀವು ಸ್ವಲ್ಪ ಹೊರಗೆ ಹೋಗಿ’ ಅಂತ ಪ್ರಾಧ್ಯಾಪಕರಿಗೆ ಹೇಳಿದರಂತೆ. ಅಷ್ಟು ಸರಳ ಯಂತ್ರದ ಎದುರು ಮನಸ್ಸು ಬಿಚ್ಚಲು ದೊಡ್ಡವರೇ ತಯಾರಾದರು. ಇನ್ನು ಇವತ್ತಿನ ಚಾಟ್‌ಬಾಟ್ ಎದುರು ಹನ್ನೆರಡು ವರ್ಷದ ಮಗುವಿನ ಪಾಡೇನು? ಎಐ ತಿಳಿವಳಿಕೆ ಬೇಕಾಗಿರುವುದು ಇದಕ್ಕೇ.

ನಮ್ಮ ಮಕ್ಕಳ ಬಾಟ್‌ಗೆ ಮೊದಲು ಕಾಟ ಕೊಟ್ಟಿದ್ದು ಕನ್ನಡವೇ! ‘ಬಸ್ಸು’ ಅಂತ ಪದ ಕೊಟ್ಟಿದ್ದರು. ‘ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕು?’ ಅಂದರೆ ಬಾಟ್‌ಗೆ ತಿಳಿಯಲಿಲ್ಲ. ಬಸ್ಸಿನ, ಬಸ್ಸಿನಲ್ಲಿ, ಬಸ್ಸಿನಿಂದ, ಎಲ್ಲವೂ ಅದಕ್ಕೆ ಬೇರೆ ಬೇರೆ. ಶಾಲೆಯಲ್ಲಿ ಬಾಯಿಪಾಠ ಮಾಡುವ ವಿಭಕ್ತಿ ಪ್ರತ್ಯಯ ಯಾಕೆ ಬೇಕು ಅಂತ ಆ ದಿನ ತಿಳಿಯಿತು. ಹಾಗಾದರೆ ಪದದ ಮೊದಲ ಭಾಗ ಮಾತ್ರ ಕೊಡೋಣ ಅಂದರು. ‘ನೀರು’ ಬದಲು ‘ನೀರ’ ಅಂತ ಕೊಟ್ಟರು. ಆಮೇಲೆ ಒಬ್ಬಳು, ‘ನೀರಾ ನದಿ ಎಲ್ಲಿಗೆ ಹೋಗುತ್ತೆ?’ ಅಂತ ಕೇಳಿದಳು. ಭೋರ್‌ನಲ್ಲಿ ಹರಿಯುವ ನೀರಾ ಭೀಮೆಯನ್ನು ಸೇರಿ ಕೊನೆಗೆ ನಮ್ಮ ಕರ್ನಾಟಕಕ್ಕೇ ಬರುತ್ತದೆ. ಬಾಟ್ ಮಾತ್ರ ಗಂಭೀರವಾಗಿ, ‘ಕುಡಿಯುವ ನೀರು ಬೆಳಿಗ್ಗೆ ಬರುತ್ತದೆ’ ಅಂದಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲಿ ಒಂದು ಪಾಠವಿತ್ತು: ಉತ್ತರ ಸ್ಪಷ್ಟವಾಗಿದೆ ಅಂದ ಮಾತ್ರಕ್ಕೆ ಪ್ರಶ್ನೆ ಅರ್ಥವಾಗಿದೆ ಅಂತಲ್ಲ.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ವರಂಧಾ ಘಾಟಿನ ಬಗ್ಗೆ. ಭೋರ್‌ನಿಂದ ಮಹಾಡ್‌ಗೆ ಇಳಿಯುವ ಈ ರಸ್ತೆಯಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ, ಸಂಚಾರ ನಿಲ್ಲಿಸುವುದೂ ಉಂಟು. ‘ಘಾಟಿ ರಸ್ತೆ ತೆರೆದಿದೆ’ ಅಂತ ಬೇಸಿಗೆಯಲ್ಲಿ ಬರೆದ ಚೀಟಿ ಜುಲೈನಲ್ಲೂ ಅದನ್ನೇ ಹೇಳುತ್ತದೆ. ನಂಬಿ ಹೊರಟವರ ಗತಿ? ಚೀಟಿ ತೆಗೆದುಬಿಡೋಣ ಅಂದರು ಕೆಲವರು. ಪ್ರಶ್ನೆ ಬಂದೇ ಬರುತ್ತಲ್ಲ ಅಂದರು ಇನ್ನು ಕೆಲವರು. ಕೊನೆಗೆ ಅವರೇ ಬರೆದ ಉತ್ತರ ಇದು: ‘ಇವತ್ತಿನ ಸ್ಥಿತಿ ನನಗೆ ಗೊತ್ತಿಲ್ಲ. ಹೊರಡುವ ಮೊದಲು ಪೊಲೀಸರನ್ನೋ ಬಸ್ ನಿಲ್ದಾಣದಲ್ಲೋ ಕೇಳಿ.’ ನನ್ನ ಲೆಕ್ಕದಲ್ಲಿ ಅವರ ಇಡೀ ಪ್ರೋಗ್ರಾಂನಲ್ಲಿ ಅತಿ ಮುಖ್ಯವಾದ ಸಾಲು ಅದೇ.

ಇದಾದ ಮೇಲೆ ದೊಡ್ಡ ಚಾಟ್‌ಬಾಟ್‌ಗಳ ವಿಷಯ ಹೇಳುವುದು ಸುಲಭ. ಅವುಗಳಲ್ಲಿ ಹೀಗೆ ಚೀಟಿಗಳಿಲ್ಲ. ಅಪಾರ ಬರಹದಿಂದ ಕಲಿತು, ಯಾವ ಪದದ ಮುಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚು ಅಂತ ಲೆಕ್ಕ ಹಾಕಿ ವಾಕ್ಯ ಕಟ್ಟುತ್ತವೆ. ಆದ್ದರಿಂದ ‘ಬಸ್ಸಿಗೆ’ ಅಂದರೂ ಹಿಡಿಯುತ್ತವೆ. ಆದರೆ ಗೊತ್ತಿಲ್ಲದ ಕಡೆಯೂ ನಯವಾದ ವಾಕ್ಯ ಕಟ್ಟಿಬಿಡಬಲ್ಲವು. ಇಂಗ್ಲಿಷ್‌ಗೆ ಹೋಲಿಸಿದರೆ ಅಂತರಜಾಲದಲ್ಲಿ ಕನ್ನಡದ ಬರಹ ಬಹಳ ಕಡಿಮೆ. ಹಾಗಾಗಿ ನಮ್ಮ ಊರು, ನಮ್ಮ ಹಬ್ಬ, ನಮ್ಮ ನುಡಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.

ನೀವು ಮನೆಯಲ್ಲೇ ಮಾಡಬಹುದಾದ ಮೂರು ಕೆಲಸ ಹೇಳಿ ಮುಗಿಸುತ್ತೇನೆ. ಒಂದು, ಚೀಟಿ ಆಟ ಆಡಿಸಿ. ಅದಕ್ಕೆ ಕಂಪ್ಯೂಟರ್ ಬೇಡ, ಕನ್ನಡ ಬಂದರೆ ಸಾಕು. ಎರಡು, ಅಜ್ಜಿಯ ಊರಿನ ಜಾತ್ರೆ, ನಿಮ್ಮ ಮನೆಯ ಅಡುಗೆ, ಹೀಗೆ ನಿಮಗೆ ಚೆನ್ನಾಗಿ ಗೊತ್ತಿರುವುದನ್ನು ಮಗುವಿನ ಜೊತೆ ಕೂತು ಚಾಟ್‌ಬಾಟ್‌ಗೆ ಕೇಳಿ. ಸರಿ ಎಷ್ಟು, ತಪ್ಪು ಎಷ್ಟು ಅಂತ ಮಗುವೇ ಗುರುತು ಹಾಕಲಿ. ಅಜ್ಜಿಗೆ ಒಂದು ಫೋನ್ ಮಾಡಿದರೆ ಇನ್ನೂ ಒಳ್ಳೆಯದು. ಮೂರು, ಹೆಸರು, ಶಾಲೆ, ಫೋನ್ ನಂಬರ್, ಫೋಟೊ ಹಾಕಬಾರದು. ಔಷಧದ ವಿಷಯಕ್ಕೆ ಡಾಕ್ಟರು, ಮನಸ್ಸಿನ ನೋವಿಗೆ ಮನೆಯವರು ಅಂತ ಹೇಳಿಕೊಡಿ. ಮಗು ಹಾಗೆ ಬಂದಾಗ ಕೇಳುವ ವ್ಯವಧಾನ ನಮಗಿರಲಿ.

ನಿಮ್ಮ ಮಕ್ಕಳು ಮಾಡಿದ ಬಾಟ್‌ಗಳನ್ನು ವೇದಿಕೆಯ ಮುಂದಿನ ಸಭೆಗೆ ತನ್ನಿ, ಎಲ್ಲರೂ ಸೇರಿ ಪ್ರಶ್ನೆ ಕೇಳೋಣ.