ಒಂದು ಪ್ರಮೇಯ, ಎರಡು ಹೆಸರು
(ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು. ಓದುವವರಿಗಾಗಿ ಅಲ್ಲಲ್ಲಿ ತಿದ್ದಿದ್ದೇನೆ.)



ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ‘ಶಿಕ್ಷಣದ ಮಹತ್ವ’ ಅಂತ ಮಾತಾಡು ಅಂದರು. ಅದರ ಮೇಲೆ ಈಗಾಗಲೇ ಮೂರು ಜನ ಮಾತಾಡಿ ಆಯಿತು. ಹಾಗಾಗಿ ನಾನು ಬಿ.ಎ.ಯಲ್ಲಿ ಓದುತ್ತಿರುವ ಸ್ಟಾಟಿಸ್ಟಿಕ್ಸಿನ ಒಂದು ಪ್ರಮೇಯದ ಕತೆ ಹೇಳುತ್ತೇನೆ. ಎದ್ದು ಹೋಗಬೇಡಿ. ಲೆಕ್ಕ ಸ್ವಲ್ಪವೇ ಇರೋದು, ಹೆಚ್ಚಿಗೆ ಇರೋದು ಹೆಸರಿನ ವಿಷಯ.

ಅದನ್ನು ರಾವ್–ಬ್ಲಾಕ್‌ವೆಲ್ ಪ್ರಮೇಯ ಅಂತಾರೆ. ಕಡಲೆಕಾಯಿ ಮೂಟೆಯಲ್ಲೇ ಹೇಳಿಬಿಡುತ್ತೇನೆ, ನಮಗೆ ಗೊತ್ತಿರೋದು ಅದೇ ತಾನೆ. ವ್ಯಾಪಾರಿ ಮೂಟೆಗೆ ಕೈ ಹಾಕಿ ಹತ್ತು ಕಾಯಿ ತೆಗೆದ ಅಂದುಕೊಳ್ಳಿ. ಮೊದಲನೆಯದನ್ನು ಒಡೆದ, ಜೊಳ್ಳು. ‘ಮೂಟೆಯೆಲ್ಲಾ ಜೊಳ್ಳು’ ಅಂದ. ಇದು ಒರಟು ಅಂದಾಜು. ಹತ್ತನ್ನೂ ಒಡೆದು ನೋಡಿದರೆ ಮೂರು ಮಾತ್ರ ಜೊಳ್ಳು. ಆ ಮೂರು ಮೊದಲು ಬಂದವೋ ಕೊನೆಗೆ ಬಂದವೋ ಅನ್ನುವುದರಿಂದ ಮೂಟೆಯ ಬಗ್ಗೆ ಹೊಸದೇನೂ ತಿಳಿಯೋದಿಲ್ಲ. ಒಟ್ಟು ಎಷ್ಟು ಜೊಳ್ಳು ಅನ್ನುವುದರಲ್ಲೇ ಎಲ್ಲ ಮಾಹಿತಿ ಇದೆ. ಆ ಹತ್ತು ಕಾಯಿಯನ್ನು ಯಾವ ಯಾವ ಸರದಿಯಲ್ಲಿ ಒಡೆಯಬಹುದಿತ್ತೋ ಅಷ್ಟನ್ನೂ ಲೆಕ್ಕಕ್ಕೆ ತಗೊಂಡರೆ, ಹತ್ತರಲ್ಲಿ ಮೂರು ಪಾಲು ಸರದಿಗಳಲ್ಲಿ ಮೊದಲ ಕಾಯಿ ಜೊಳ್ಳಾಗಿರುತ್ತೆ. ಅಂದರೆ ಆ ಒರಟು ಅಂದಾಜಿನ ಸರಾಸರಿ 3/10. ಹೀಗೆ ಸರಾಸರಿ ಮಾಡಿ ಪಡೆದ ಅಂದಾಜು ಮೊದಲಿನದಕ್ಕಿಂತ ಎಂದೂ ಕೆಡುವುದಿಲ್ಲ, ಸಾಮಾನ್ಯವಾಗಿ ಸುಧಾರಿಸುತ್ತೆ. ಪ್ರಮೇಯ ಇಷ್ಟೇ.

ಈಗ ಹೆಸರುಗಳು. ಮೊದಲನೆಯವರು ಸಿ.ಆರ್. ರಾವ್. 1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಆಗ ಅದು ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ನಮ್ಮ ಅನಂತಪುರ ಜಿಲ್ಲೆಯೂ 1882ರಲ್ಲಿ ಬಳ್ಳಾರಿಯಿಂದಲೇ ಬೇರೆಯಾಗಿದ್ದು. ಅವರದು ತೆಲುಗು ಮನೆತನ, ಹುಟ್ಟಿದ್ದು ಕನ್ನಡದ ಊರಲ್ಲಿ. ನಾವು ಅದಕ್ಕೆ ತಿರುಗಾಮುರುಗ. 1945ರಲ್ಲಿ, ಇಪ್ಪತ್ತೈದರ ಆಸುಪಾಸಿನ ವಯಸ್ಸಿಗೆ, ಕಲ್ಕತ್ತಾದ ಗಣಿತ ಸಂಘದ ಪತ್ರಿಕೆಯಲ್ಲಿ ಒಂದು ಪೇಪರ್ ಬರೆದರು. ಈ ಪ್ರಮೇಯ ಅದರಲ್ಲಿದೆ. ಕ್ರಾಮರ್–ರಾವ್ ಅಸಮತೆ ಅಂತ ಇನ್ನೊಂದು ಫಲಿತಾಂಶವೂ ಅದರಲ್ಲೇ ಇದೆ.

ಆ ಇನ್ನೊಂದು ಹುಟ್ಟಿದ್ದು ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ. ರಾವ್ ತರಗತಿಯಲ್ಲಿ, ದೊಡ್ಡ ಸಂಖ್ಯೆಯ ಮಾದರಿಗಳಿಗೆ ಮಾತ್ರ ಹೊಂದುವ ಫಿಶರನ ಫಲಿತಾಂಶವೊಂದನ್ನು ಪಾಠ ಮಾಡುತ್ತಿದ್ದರು. ವಿ.ಎಂ. ದಾಂಡೇಕರ್ ಅನ್ನುವ ವಿದ್ಯಾರ್ಥಿ ಎದ್ದು, ‘ಸಣ್ಣ ಮಾದರಿಗೂ ಇಂಥದ್ದನ್ನು ಸಾಧಿಸೋಕೆ ಆಗಲ್ವಾ ಸರ್’ ಅನ್ನೋ ಅರ್ಥದ ಪ್ರಶ್ನೆ ಕೇಳಿದ. ರಾವ್ ಮನೆಗೆ ಹೋಗಿ ರಾತ್ರಿ ಕೂತು ಸಾಧಿಸಿಬಿಟ್ಟರು. ದಾಂಡೇಕರ್ ಮುಂದೆ ಹೆಸರಾಂತ ಅರ್ಥಶಾಸ್ತ್ರಜ್ಞರಾದರು. ಆದರೆ ಆ ಅಸಮತೆಯಲ್ಲಿ ಅವರ ಹೆಸರಿಲ್ಲ. ಅಲ್ಲಿರೋದು 1946ರಲ್ಲಿ ತನ್ನ ಪುಸ್ತಕದಲ್ಲಿ ಅದನ್ನೇ ಬರೆದ ಸ್ವೀಡನ್ನಿನ ಕ್ರಾಮರನ ಹೆಸರು. ದಾಂಡೇಕರ್ ಪ್ರಶ್ನೆ ನಮಗೆ ಇವತ್ತು ಗೊತ್ತಿರೋದು ರಾವ್ ಅವರೇ ಬಾಯಿಬಿಟ್ಟು ಹೇಳಿಕೊಂಡಿದ್ದಕ್ಕೆ. ಹೇಳದಿದ್ದರೆ ಕೇಳೋರು ಯಾರಿದ್ದರು?

ಎರಡನೆಯವರು ಡೇವಿಡ್ ಬ್ಲಾಕ್‌ವೆಲ್. ಇವರನ್ನು ನೀವು ನೆನಪಿಟ್ಟುಕೊಳ್ಳಬೇಕು. ಅಮೆರಿಕದ ಕಪ್ಪು ಜನಾಂಗದವರು. 1919ರಲ್ಲಿ ಹುಟ್ಟಿದರು, ತಂದೆ ರೈಲ್ವೆ ಕಾರ್ಮಿಕ. 22ನೇ ವಯಸ್ಸಿಗೆ ಗಣಿತದಲ್ಲಿ ಪಿಎಚ್.ಡಿ. ಮುಗಿಸಿದರು. ಪ್ರಿನ್ಸ್‌ಟನ್ ಊರಿನ ಉನ್ನತ ಅಧ್ಯಯನ ಸಂಸ್ಥೆಗೆ ಹೋದರೆ, ಆ ಸಂಸ್ಥೆಯವರಿಗೆ ಪಕ್ಕದ ವಿಶ್ವವಿದ್ಯಾಲಯ ಸಾಮಾನ್ಯವಾಗಿ ಕೊಡುತ್ತಿದ್ದ ಗೌರವ ಸ್ಥಾನಕ್ಕೆ ಇವರ ವಿಷಯದಲ್ಲಿ ತಕರಾರು ಬಂತು. ಬರ್ಕ್ಲಿಯಲ್ಲಿ ಕೆಲಸಕ್ಕೆ ಹೆಸರು ಬಂದು ಬಣ್ಣದ ಕಾರಣಕ್ಕೆ ತಪ್ಪಿತು. ಬಿಳಿಯರ ಕಾಲೇಜು ತಗೊಳ್ಳಲ್ಲ ಅಂತ ತಿಳಿದು 105 ಕಪ್ಪು ಕಾಲೇಜುಗಳಿಗೆ ಅರ್ಜಿ ಹಾಕಿದರು. ನೂರೈದು! ನಮ್ಮಲ್ಲಿ ಎರಡು ಅರ್ಜಿ ಹಾಕಿ ಮಲಗುವವರಿದ್ದಾರೆ, ನನ್ನನ್ನೂ ಸೇರಿಸಿ. ಕೊನೆಗೆ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ, ರಾವ್ ಅವರ ಪೇಪರಿನ ನೆರವಿಲ್ಲದೆ ತಾವೇ ಸ್ವತಂತ್ರವಾಗಿ 1947ರಲ್ಲಿ ಈ ಪ್ರಮೇಯ ಪ್ರಕಟಿಸಿದರು. ಬರ್ಕ್ಲಿ 1954ರಲ್ಲಿ ಕರೆದುಕೊಂಡಿತು. 1965ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಕಪ್ಪು ವ್ಯಕ್ತಿ ಅವರೇ. 2024ರಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಎ.ಐ. ಚಿಪ್ಪುಗಳಿಗೆ ಬ್ಲಾಕ್‌ವೆಲ್ ಅಂತ ಹೆಸರಿಟ್ಟಿತು. ಅಷ್ಟೊತ್ತಿಗೆ ಅವರು ತೀರಿಕೊಂಡು ಹದಿನಾಲ್ಕು ವರ್ಷ.

ಇದರಲ್ಲೊಂದು ತಮಾಷೆ. ಈ ವಿಧಾನಕ್ಕೆ ಒಬ್ಬ ಸಂಖ್ಯಾಶಾಸ್ತ್ರಜ್ಞ ‘ಬ್ಲಾಕ್‌ವೆಲೈಸೇಶನ್’ ಅಂತ ಬರೆದನಂತೆ. ಮೊದಲು ಸಾಧಿಸಿದ್ದು ನಾನು ಅಂತ ರಾವ್ ಕಾಗದ ಬರೆದರು. ‘ರಾವೈಸೇಶನ್’ ಅಂದರೆ ಕಿವಿಗೆ ಅಷ್ಟು ಚೆನ್ನಾಗಿರಲ್ಲ ಅಂತ ಉತ್ತರ ಬಂತು. ಈಗ ಎರಡೂ ಹೆಸರು ಸೇರಿಸಿ ಹೇಳುತ್ತಾರೆ.

ಯಾರು ಯಾರನ್ನು ಉಲ್ಲೇಖಿಸಿದರು, ಎಷ್ಟು ಸಲ, ಇದನ್ನು ಎಣಿಸುವುದೇ ಒಂದು ಶಾಸ್ತ್ರ. 1964ರಲ್ಲಿ ಅಮೆರಿಕದ ಗಾರ್‌ಫೀಲ್ಡ್ ಉಲ್ಲೇಖಗಳ ಸೂಚಿ ತಂದರು. ಅದಕ್ಕೂ ಮುಂಚೆ, 1948ರಲ್ಲೇ, ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರ ಬಳಸಬೇಕು ಅಂದವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು ಗ್ರಂಥಪಾಲಕರಾದರು, ಕೊನೆಗಾಲದಲ್ಲಿ ಇಲ್ಲೇ ಬೆಂಗಳೂರಿನಲ್ಲಿದ್ದರು. ಎಣಿಕೆಯಿಂದ ಉಪಯೋಗ ಇದೆ. ಆದರೆ ದಾಂಡೇಕರ್ ಎದ್ದು ಕೇಳಿದ ಪ್ರಶ್ನೆ ಯಾವ ಸೂಚಿಯಲ್ಲೂ ಬರೋದಿಲ್ಲ. ಗಣಿತದವರಲ್ಲಿ ನನಗೆ ಇಷ್ಟವಾದ ಒಂದು ರೂಢಿ ಇದೆ. ಇಬ್ಬರು ಮೂವರು ಸೇರಿ ಪೇಪರ್ ಬರೆದರೆ ಸಾಮಾನ್ಯವಾಗಿ ಹೆಸರುಗಳನ್ನು ಅಕಾರಾದಿಯಾಗಿ ಹಾಕುತ್ತಾರೆ. ದೊಡ್ಡವರು ಮೊದಲು, ಚಿಕ್ಕವರು ಕೊನೆಗೆ ಅಂತಿಲ್ಲ. ನಮ್ಮ ಕರಪತ್ರಗಳಲ್ಲಿ ಹೆಸರು ಹಾಕುವಾಗ ಆಗುವ ಜಗಳ ನಿಮಗೆ ಗೊತ್ತೇ ಇದೆ, ಅದು ಬೇಡ ಈಗ.

ಬಾಬಾಸಾಹೇಬರು 1946ರಲ್ಲಿ ಶೂದ್ರರು ಯಾರು ಅನ್ನುವ ಪುಸ್ತಕ ತಂದಾಗ ಅದನ್ನು ಅರ್ಪಿಸಿದ್ದು ಜೋತಿಬಾ ಫುಲೆಯವರಿಗೆ. ಫುಲೆ ತೀರಿಕೊಂಡು ಐವತ್ತು ವರ್ಷದ ಮೇಲಾಗಿತ್ತು. ಪಡೆದಿದ್ದನ್ನು ಮೊದಲ ಪುಟದಲ್ಲೇ ಹೇಳಿಬಿಟ್ಟರು.

ಇದನ್ನೆಲ್ಲಾ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮಜ್ಜಿ ಹತ್ತಿರ ಒಬ್ಬರು ಬಂದು ಮೂರು ದಿನ ಕೂತು ಬರಗಾಲದ ಕತೆ, ಸೋಬಾನೆ ಪದ ಎಲ್ಲಾ ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಅಚ್ಚಾದ ಮೇಲೆ ನೋಡಿದರೆ ‘ಹಿಂದೂಪುರದ ಒಬ್ಬ ವೃದ್ಧೆ’ ಅಂತಿತ್ತು. ಅಜ್ಜಿಗೆ ಓದು ಬರಲ್ಲ. ‘ಎಲ್ಲೈತೆ ನನ್ನ ಹೆಸರು, ತೋರ್ಸು’ ಅಂದಳು. ನಾನು ಬೆರಳಿಟ್ಟು ಸುಮ್ಮನೆ ಒಂದು ಸಾಲು ತೋರಿಸಿದೆ. ಆ ಸಿಟ್ಟು ನನಗೆ ಇನ್ನೂ ಇದೆ.

ಅಂಥವನೇ ಏನು ಮಾಡಿದೆ ಕೇಳಿ. ಡಿಗ್ರಿಯಲ್ಲಿ ಕಮ್ಯುನಿಟಿ ಸರ್ವೀಸ್ ಪ್ರಾಜೆಕ್ಟ್ ಇರುತ್ತಲ್ಲ, ಕೂಲಿಗೆ ಹೋಗುವ ಹೆಂಗಸರಿಗೆ ತಿಂಗಳಲ್ಲಿ ಎಷ್ಟು ದಿನ ಕೆಲಸ ಸಿಗುತ್ತೆ ಅಂತ ನಾನು ವರದಿ ಬರೆದೆ. ಹಿಂದೂಪುರದ ಮನೆಗಳನ್ನು ನಾನು ಸುತ್ತಿದೆ. ಕಲ್ಯಾಣದುರ್ಗದ ಕಡೆಯ ಮನೆಗಳನ್ನೆಲ್ಲಾ ಸುತ್ತಿ ಬರೆದುಕೊಟ್ಟಿದ್ದು ನಮ್ಮ ಸಂಘದ ಒಬ್ಬ ತಂಗಿ. ಇಂಟರಿಗೆ ಓದು ನಿಲ್ಲಿಸಿದವಳು, ತಾನೂ ಕೂಲಿಗೆ ಹೋಗುವವಳು. ಮಳೆ ಬಂದ ದಿನವನ್ನು ಬೇರೆ ಕಾಲಮ್ಮಿನಲ್ಲಿ ಹಾಕಬೇಕು ಅಂತ ಹೇಳಿದ್ದೂ ಅವಳೇ. ಮೇಷ್ಟ್ರು ಮೆಚ್ಚಿ ಮಾರ್ಕ್ಸ್ ಕೊಟ್ಟಿದ್ದು ಆ ಕಾಲಮ್ಮಿಗೆ. ವರದಿಯ ಮೇಲೆ ಇದ್ದಿದ್ದು ನನ್ನೊಬ್ಬನ ಹೆಸರು. ಬೈಂಡ್ ಮಾಡಿಸಿ ಹೆಮ್ಮೆಯಿಂದ ಅವಳಿಗೆ ತೋರಿಸಿದೆ. ಎಲ್ಲಾ ಪುಟ ತಿರುವಿ ನೋಡಿದಳು, ಚೆನ್ನಾಗೈತೆ ಅಣ್ಣ ಅಂದು ವಾಪಸ್ಸು ಕೊಟ್ಟಳು. ಬೇರೆ ಏನೂ ಅನ್ನಲಿಲ್ಲ. ನಮ್ಮಜ್ಜಿ ಕೇಳಿದಂಗೆ ಕೇಳಿದ್ದರೆ ಪರವಾಗಿರಲಿಲ್ಲ.

ಈ ಭಾಷಣ ಬರೆಯುವಾಗ ಅವಳಿಗೆ ಫೋನ್ ಮಾಡಿದೆ. ಸಂಚಿಕೆಯಲ್ಲಿ ನಿನ್ನ ಹೆಸರು ಹಾಕುತ್ತೇನೆ, ಎಲ್ಲರಿಗೂ ಗೊತ್ತಾಗಲಿ ಅಂದೆ. ‘ಸಂಚಿಕೇಲಿ ಬ್ಯಾಡಣ್ಣ. ಆ ಕಾಲಂ ಎಲ್ಲೈತೋ ಅಲ್ಲೇ ಬರೀ’ ಅಂದಳು.

ಅದಕ್ಕೇ ಇಲ್ಲಿ ಬರೆದಿಲ್ಲ. ಕಾಲೇಜಿನಿಂದ ವರದಿ ವಾಪಸ್ಸು ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ. ನಾಡಿದ್ದು ಸೋಮವಾರ ಮತ್ತೆ ಹೋಗುತ್ತೇನೆ.