ಹಣೆಗೆ ಕಟ್ಟುವ ಬ್ಯಾಟರಿ: ಕೊಳ್ಳುವಾಗ ನೋಡಬೇಕಾದ್ದು, ಕಟ್ಟಿಕೊಂಡಾಗ ಮರೆಯಬಾರದ್ದು

(ಸೀಡರ್ ಪಾರ್ಕ್‌ನಲ್ಲಿ ವಲಸೆ ಕಾರ್ಮಿಕ ಬಂಧುಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

ವಾರಪೂರ್ತಿ ದುಡಿದು, ಇವತ್ತೊಂದು ಸಂಜೆ ಬಿಡುವು ಮಾಡಿಕೊಂಡು ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರ್ತೀನಿ. ಇವತ್ತಿನ ಮಾತು ಹೆಡ್‌ಲ್ಯಾಂಪ್ ಬಗ್ಗೆ. ನಮ್ಮೂರ ಕಡೆ ಟಾರ್ಚಿಗೆ ‘ಬ್ಯಾಟರಿ’ ಅಂತಲೇ ಹೆಸರು. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕೋಕೆ ಹೋಗುವವರು, ಮಲೆನಾಡಲ್ಲಿ ಮೊದಲ ಮಳೆಗೆ ಹತ್ತುಮೀನು ಹಿಡಿಯೋಕೆ ಹೋಗುವವರು, ಎಲ್ಲರ ಹಣೆ ಮೇಲೂ ಈಗ ಅದೇ ಬ್ಯಾಟರಿ. ಇಲ್ಲಿ ನಿಮ್ಮಲ್ಲಿ ಕೆಲವರು ಏಸಿ ರಿಪೇರಿಗೆ ಆಟಿಕ್ ಹತ್ತುತ್ತೀರಿ. ಕೆಲವರು ಡಾಲಸ್ ಕಡೆ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡ್ತೀರಿ, ಕೆಲವರು ಹ್ಯೂಸ್ಟನ್ನಿನ ರಿಫೈನರಿಗೆ ಕಾಂಟ್ರಾಕ್ಟ್ ಮೇಲೆ ಹೋಗಿಬರ್ತೀರಿ. ಎಲ್ಲರಿಗೂ ಒಂದೇ ಬ್ಯಾಟರಿ ಆಗೋದಿಲ್ಲ. ಇವತ್ತು ಮುಖ್ಯವಾಗಿ ಹೇಳಬೇಕಾದ್ದು ಅದೇ.

ಮೊದಲು ಡಬ್ಬಿ ಮೇಲಿನ ಲ್ಯೂಮೆನ್ ಲೆಕ್ಕ. ಹದಿನೈದು ಡಾಲರಿಗೆ ‘1,00,000 ಲ್ಯೂಮೆನ್’ ಅಂತ ಬರೆದಿದ್ದರೆ ಅದನ್ನ ಅಲ್ಲೇ ಬಿಟ್ಟು ಬನ್ನಿ. ಮರ್ಯಾದಸ್ಥ ಕಂಪನಿಗಳು ಎಎನ್‌ಎಸ್‌ಐ ಎಫ್‌ಎಲ್ 1 ಅನ್ನೋ ಅಳತೆಯ ಗುರುತು ಹಾಕಿರ್ತವೆ. ಅದರ ಪ್ರಕಾರ ಬೆಳಕನ್ನು ಅಳೆಯೋದು ದೀಪ ಹಚ್ಚಿ 30 ಸೆಕೆಂಡ್ ಆದ ಮೇಲೆ. ‘ಇಷ್ಟು ಗಂಟೆ ಉರಿಯುತ್ತೆ’ ಅಂದ್ರೆ, ಆ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೆ ಅಂತ ಅರ್ಥ. ‘100 ಮೀಟರ್ ದೂರ’ ಅಂದ್ರೆ, 100 ಮೀಟರ್ ಆಚೆ ಹುಣ್ಣಿಮೆ ಬೆಳದಿಂಗಳಷ್ಟು ಬೆಳಕು ಬೀಳುತ್ತೆ ಅಷ್ಟೇ. ಬೆಳದಿಂಗಳಲ್ಲಿ ಊಟ ಮಾಡಬಹುದು, ಸ್ಕ್ರೂ ತಿರುಗಿಸೋಕೆ ಆಗಲ್ಲ.

ಇನ್ನೊಂದು ಲೆಕ್ಕ ನೀವೇ ಮಾಡಿ ನೋಡಿ. ಮೂರು ರೀಚಾರ್ಜ್ ಆಗುವ ಎಎಎ ಸೆಲ್ಲಿನಲ್ಲಿ ಒಟ್ಟು ಸುಮಾರು 3 ವ್ಯಾಟ್-ಅವರ್ ಶಕ್ತಿ ಇರುತ್ತೆ. ಒಳ್ಳೆ ಎಲ್‌ಇಡಿ ಒಂದು ವ್ಯಾಟಿಗೆ ಹೆಚ್ಚುಕಡಿಮೆ 100 ಲ್ಯೂಮೆನ್ ಕೊಡುತ್ತೆ. ಅಂದ್ರೆ 100 ಲ್ಯೂಮೆನ್‌ಗೆ ಇಟ್ಟರೆ 3 ಗಂಟೆ, 400ಕ್ಕೆ ಇಟ್ಟರೆ ಮುಕ್ಕಾಲು ಗಂಟೆ. ಡಬ್ಬಿ ಮೇಲೆ ‘400 ಲ್ಯೂಮೆನ್, 100 ಗಂಟೆ’ ಅಂತ ಅಕ್ಕಪಕ್ಕ ಬರೆದಿರ್ತಾರೆ. ಎರಡೂ ನಿಜವೇ ಇರಬಹುದು, ಆದ್ರೆ ಎರಡೂ ಒಟ್ಟಿಗೆ ನಿಜ ಅಲ್ಲ. ಎಂಟು ಗಂಟೆ ಪಾಳಿಗೆ ಬೇಕಿದ್ದರೆ 18650 ಅನ್ನೋ ಬೆರಳುದ್ದದ ಲಿಥಿಯಂ ಸೆಲ್ ಇರೋದನ್ನ ನೋಡಿ. ಅದರಲ್ಲಿ ಸುಮಾರು 12 ವ್ಯಾಟ್-ಅವರ್ ಇರುತ್ತೆ, 150 ಲ್ಯೂಮೆನ್ ಬೆಳಕನ್ನ ಪಾಳಿ ಮುಗಿಯುವವರೆಗೂ ಎಳೆಯುತ್ತೆ.

150 ಸಾಕಾ ಅಂತ ಕೇಳ್ತೀರಿ. ಕೈಯಳತೆಯ ಕೆಲಸಕ್ಕೆ ಧಾರಾಳ ಸಾಕು. ಹೆಚ್ಚಾದ್ರೇ ಕಷ್ಟ: ಆಟಿಕ್ಕಿನ ಬೆಳ್ಳಿ ಬಣ್ಣದ ಡಕ್ಟ್ ಮೇಲೆ ಬಿದ್ದು ವಾಪಸ್ ನಿಮ್ಮ ಕಣ್ಣಿಗೇ ಹೊಡೆಯುತ್ತೆ. ಹತ್ತಿರದ ಕೆಲಸಕ್ಕೆ ಹರಡಿಕೊಂಡು ಬೀಳುವ ಬೆಳಕು ಬೇಕು, ದೂರ ನೋಡೋಕೆ ಕೊಳವೆ ಥರ ಚಾಚುವ ಬೆಳಕು. ಎರಡೂ ಇರೋ ದೀಪ ಸಿಗುತ್ತೆ. ಹಣೆಯ ಮೇಲೆ ಕೆಳಕ್ಕೆ ಬಗ್ಗಿಸೋಕೆ ಬರುತ್ತಾ, ಗ್ಲೌಸ್ ಹಾಕಿದ ಬೆರಳಿಗೆ ಗುಂಡಿ ಸಿಗುತ್ತಾ, ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಟೆಕ್ಸಾಸ್ ಬೇಸಿಗೆಯಲ್ಲಿ ಬೆವರೇ ಮಳೆ ಆದ್ದರಿಂದ ಕನಿಷ್ಠ ಐಪಿಎಕ್ಸ್ 4 ಗುರುತು ಇರಲಿ. ಧೂಳು, ಸಿಮೆಂಟ್ ಇರೋ ಕಡೆ ಐಪಿ 67.

ಈಗ ವೈರಿಂಗ್ ಕೆಲಸದವರು ಸ್ವಲ್ಪ ಗಮನ ಕೊಡಿ. ನಮ್ಮೂರಲ್ಲಿ ಕಪ್ಪು ವೈರ್ ಅಂದ್ರೆ ನ್ಯೂಟ್ರಲ್. ಕೆಂಪು, ಹಳದಿ, ನೀಲಿ ಫೇಸ್, ಹಸಿರು ಅರ್ತ್. ಇಲ್ಲಿ ಮನೆಗಳ ವೈರಿಂಗಿನಲ್ಲಿ ಕಪ್ಪು ಅಂದ್ರೆ ಕರೆಂಟ್ ಇರೋ ವೈರ್! ನ್ಯೂಟ್ರಲ್ ಬಿಳಿ, ಅರ್ತ್ ಹಸಿರು ಅಥವಾ ಬರೀ ತಾಮ್ರ. ಊರಲ್ಲಿ ಹತ್ತು ವರ್ಷ ಕೆಲಸ ಮಾಡಿದ ಕೈಗೆ ಕಪ್ಪು ಕಂಡರೆ ಭಯ ಇರೋದಿಲ್ಲ, ಅಪಾಯ ಇರೋದು ಆ ಅಭ್ಯಾಸದಲ್ಲೇ. ದೊಡ್ಡ ಕಟ್ಟಡಗಳ 277/480 ವೋಲ್ಟ್ ಲೈನಿನಲ್ಲಿ ಕಂದು, ಕಿತ್ತಳೆ, ಹಳದಿ ಫೇಸ್ ಆಗಿ ನ್ಯೂಟ್ರಲ್ ಬೂದು ಇರುತ್ತೆ. ಕತ್ತಲ ಮೂಲೆಯಲ್ಲಿ ಅಗ್ಗದ ನೀಲಿ-ಬಿಳಿ ಎಲ್‌ಇಡಿ ಕೆಳಗೆ ಕಂದು ಯಾವುದು ಕೆಂಪು ಯಾವುದು, ಹಳೇ ಬಿಳಿ ಯಾವುದು ಬೂದು ಯಾವುದು ಅನ್ನೋದು ಗೊತ್ತಾಗಲ್ಲ. ದೀಪದ ಕೆಂಪು ಬೆಳಕಿನಲ್ಲಂತೂ ಬಣ್ಣವೇ ಸತ್ತುಹೋಗುತ್ತೆ. ಅದಕ್ಕೇ ನೀವು ಡಬ್ಬಿಯಲ್ಲಿ ನೋಡಬೇಕಾದ್ದು ಲ್ಯೂಮೆನ್ ಅಲ್ಲ, ಸಿಆರ್‌ಐ. ಬಣ್ಣವನ್ನು ಬಣ್ಣವಾಗಿ ತೋರಿಸುವ ಶಕ್ತಿಯ ಅಳತೆ ಅದು, 100 ಅಂದ್ರೆ ಪೂರ್ತಿ. 90ಕ್ಕಿಂತ ಹೆಚ್ಚು ಇರೋದನ್ನ ತಗೊಳ್ಳಿ, ನಾಲ್ಕು ಡಾಲರ್ ಜಾಸ್ತಿ ಆದ್ರೂ ಪರವಾಗಿಲ್ಲ. ಆಮೇಲೂ ಬಣ್ಣವನ್ನ ನಂಬಬೇಡಿ. ಹಿಂದೆ ಕೆಲಸ ಮಾಡಿದವನು ಬಿಳಿ ವೈರನ್ನೇ ಫೇಸ್ ಆಗಿ ಬಳಸಿರಬಹುದು, ಸ್ವಿಚ್‌ಗಳಲ್ಲಿ ಅದು ಸಾಮಾನ್ಯ. ಬ್ರೇಕರ್ ಇಳಿಸಿ ಬೀಗ ಹಾಕಿ. ಟೆಸ್ಟರನ್ನು ಮೊದಲು ಕರೆಂಟ್ ಇದೆ ಅಂತ ಗೊತ್ತಿರೋ ಕಡೆ ಹಿಡಿದು ಸರಿಯಿದೆಯಾ ನೋಡಿ, ಆಮೇಲೆ ನಿಮ್ಮ ವೈರಿಗೆ ಹಿಡಿಯಿರಿ. ಇನ್ನೊಂದು ಮಾತು: ಟೆಕ್ಸಾಸ್‌ನಲ್ಲಿ ಎಲೆಕ್ಟ್ರಿಕಲ್ ಕೆಲಸಕ್ಕೆ ಸಹಾಯಕನಾಗಿ ಸೇರಿದವರಿಗೂ ಟಿಡಿಎಲ್‌ಆರ್ ಇಲಾಖೆಯ ಅಪ್ರೆಂಟಿಸ್ ಲೈಸೆನ್ಸ್ ಬೇಕು. ‘ಲೈಸೆನ್ಸ್ ಆಮೇಲೆ ನೋಡ್ಕೊಳ್ಳೋಣ, ಸುಮ್ನೆ ಹತ್ತು’ ಅಂದ್ರೆ ಹತ್ತಬೇಡಿ.

ಹ್ಯೂಸ್ಟನ್, ಪಸಡೀನ, ಬೇಟೌನ್ ಕಡೆ ರಿಫೈನರಿಗಳಿಗೆ ಹೋಗುವವರ ವಿಷಯವೇ ಬೇರೆ. ಅಲ್ಲಿ ಗಾಳಿಯಲ್ಲೇ ಉರಿಯುವ ಆವಿ ಇರಬಹುದು, ಸಾಮಾನ್ಯ ದೀಪದ ಗುಂಡಿ ಒತ್ತಿದಾಗ ಬರುವ ಕಣ್ಣಿಗೆ ಕಾಣದ ಕಿಡಿ ಸಾಕು. ‘ಇಂಟ್ರಿನ್ಸಿಕಲಿ ಸೇಫ್’ ಗುರುತಿನ ದೀಪ ಬೇಕು. ಅದರ ಮೇಲೆ ‘ಕ್ಲಾಸ್ 1, ಡಿವಿಷನ್ 1’ ಅಂತೆಲ್ಲ ಬರೆದಿರುತ್ತೆ. ನಿಮ್ಮ ಜಾಗಕ್ಕೆ ಯಾವುದು ಅಂತ ಸೇಫ್ಟಿಯವರನ್ನ ಕೇಳಿ ಅದನ್ನೇ ಕಟ್ಟಿ. ಮನೆಯಲ್ಲೂ ಅಷ್ಟೇ. ಗ್ಯಾಸ್ ವಾಸನೆ ಬಂದರೆ ಹುಡುಕೋಕೆ ಅಂತ ಹೆಡ್‌ಲ್ಯಾಂಪ್ ಹಚ್ಚಬೇಡಿ. ಯಾವ ಸ್ವಿಚ್ಚೂ ಮುಟ್ಟದೆ ಎಲ್ಲರನ್ನೂ ಕರ್ಕೊಂಡು ಹೊರಗೆ ಬಂದು, ದೂರ ನಿಂತು 911ಕ್ಕೆ ಫೋನ್ ಮಾಡಿ.

ಹೆಲ್ಮೆಟ್ ಹಾಕುವವರು ದೀಪದ ಪಟ್ಟಿ ಜಾರದ ಹಾಗೆ ಕ್ಲಿಪ್ ಬಳಸಿ. ಹೆಲ್ಮೆಟ್ಟಿಗೆ ತೂತು ಕೊರೆಯೋದು, ಸಿಕ್ಕ ಅಂಟು ಹಚ್ಚೋದು ಬೇಡ, ಅದರ ಬಲ ಹೋಗುತ್ತೆ. ಜೊತೆಯವರ ಮುಖ ನೋಡಿ ಮಾತಾಡುವಾಗ ದೀಪ ಕೆಳಗೆ ಬಗ್ಗಿಸಿ. ಫೋರ್ಕ್‌ಲಿಫ್ಟ್ ಓಡಿಸುವವನ ಕಣ್ಣಿಗೆ ಬೆಳಕು ಹೊಡೆದರೆ ಒಂದು ಕ್ಷಣ ಅವನಿಗೆ ನೀವೇ ಕಾಣಲ್ಲ.

ಈಗ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾದ ಮಾತು. ನಮ್ಮ ಕೋಲಾರದ ಚಿನ್ನದ ಗಣಿ ನೆನಪಿಸಿಕೊಳ್ಳಿ. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟ್ ಹೋಯಿತು. 3 ಕಿಲೋಮೀಟರಿಗೂ ಆಳ ಇಳಿದ ಗಣಿ ಅದು, 2001ರಲ್ಲಿ ಮುಚ್ಚಿತು. ಅಷ್ಟು ಆಳದ ಗಣಿಗೆ ಇಳಿಯುವವನ ತಲೆಯ ದೀಪ ಅವನ ಶೋಕಿಯ ವಸ್ತು ಅಲ್ಲ. ಅದಿಲ್ಲದೆ ಕೆಲಸವೇ ಇಲ್ಲ, ಅದು ಗಣಿಯ ಜವಾಬ್ದಾರಿ. ಇಲ್ಲೂ ಹಾಗೇ ಯೋಚನೆ ಮಾಡಿ. ನಿಮ್ಮ ಹಣೆಯ ದೀಪ ನೀವು ನೋಡಿದ ಕಡೆ ಮಾತ್ರ ಬೆಳಕು ಕೊಡುತ್ತೆ. ಹಿಂದಿರುವ ಗುಂಡಿ, ಪಕ್ಕದ ಮೆಟ್ಟಿಲ ತುದಿ ಕತ್ತಲಲ್ಲೇ ಇರುತ್ತೆ. ಕಟ್ಟಡ ಕೆಲಸದ ಜಾಗಕ್ಕೆ ಬೆಳಕು ಒದಗಿಸೋದು ಕೆಲಸ ಕೊಟ್ಟವರ ಹೊಣೆ. ಕಾರ್ಮಿಕ ಸುರಕ್ಷತೆಯ ಓಶಾ ನಿಯಮ 1926.56ರಲ್ಲಿ ಲೆಕ್ಕವೇ ಇದೆ: ಕಟ್ಟಡ ಕೆಲಸ ನಡೆಯುವ ಸಾಮಾನ್ಯ ಜಾಗದಲ್ಲಿ ಕನಿಷ್ಠ 5 ಫುಟ್‌ಕ್ಯಾಂಡಲ್, ಅಂದ್ರೆ ಸುಮಾರು 54 ಲಕ್ಸ್ ಬೆಳಕು. ‘ನಿನ್ನ ಹತ್ರ ಹೆಡ್‌ಲ್ಯಾಂಪ್ ಇದೆಯಲ್ಲ’ ಅನ್ನೋದು ಅದಕ್ಕೆ ಉತ್ತರ ಅಲ್ಲ. ಮೊದಲು ಫೋರ್‌ಮನ್‌ಗೆ ಹೇಳಿ, ಮೆಸೇಜಿನಲ್ಲೂ ಬರೆದು ಹಾಕಿ. ಆಗದಿದ್ದರೆ ಓಶಾ ನಂಬರ್ 1-800-321-6742. ನಿಮ್ಮ ಹೆಸರು ಮಾಲೀಕರಿಗೆ ತಿಳಿಸಬೇಡಿ ಅಂತ ಕೇಳಬಹುದು. ಈ ರಕ್ಷಣೆ ವೀಸಾ ಯಾವುದು ಅಂತ ನೋಡಿ ಕೊಡೋದಲ್ಲ. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆದರೆ, ಪಾಳಿ ಕಡಿಮೆ ಮಾಡಿದರೆ, 30 ದಿನದೊಳಗೆ ಅದನ್ನೂ ತಿಳಿಸಬೇಕು. ಆ 30 ದಿನ ಮಾತ್ರ ಮರೀಬೇಡಿ.

ಕೆಲಸದ ಆಚೆಗೆ ಬರೋಣ. ಬೇಸಿಗೆಯಲ್ಲಿ ಹಗಲು ಹೊರಗೆ ಕಾಲಿಡೋಕಾಗಲ್ಲ ಅಂತ ಅನೇಕರು ಬ್ರಶಿ ಕ್ರೀಕ್ ಟ್ರೇಲಿಗೆ ಬೆಳಕು ಹರಿಯೋ ಮುಂಚೆ ನಡೆಯೋಕೆ ಹೋಗ್ತೀರಿ. ಅಲ್ಲಿ ಕಾಪರ್‌ಹೆಡ್ ಹಾವು ಇದೆ, ಸೆಕೆಯ ರಾತ್ರಿಗಳಲ್ಲೇ ಅದು ಹೆಚ್ಚು ಓಡಾಡೋದು, ಒಣಗಿದ ಎಲೆಯ ಬಣ್ಣವೇ ಅದಕ್ಕೂ. ಹೆಡ್‌ಲ್ಯಾಂಪಿನಲ್ಲಿ ಒಂದು ಕೊರತೆ ಇದೆ. ಬೆಳಕು ಕಣ್ಣಿನ ಪಕ್ಕದಿಂದಲೇ ಹೋಗೋದ್ರಿಂದ ಕಲ್ಲಿನ ನೆರಳು ನಿಮಗೆ ಕಾಣಲ್ಲ, ಉಬ್ಬುತಗ್ಗೆಲ್ಲ ಸಪಾಟು ಅನ್ನಿಸುತ್ತೆ. ಊರಲ್ಲಿ ಅಪ್ಪಂದಿರು ಬ್ಯಾಟರಿಯನ್ನ ಸೊಂಟದ ಕೆಳಗೆ ಹಿಡಿದು, ಇನ್ನೊಂದು ಕೈಯಲ್ಲಿ ಕೋಲು ಬಡೀತಾ ಹೋಗೋದಕ್ಕೆ ಕಾರಣ ಇದೆ. ಬೆಳಕು ತಗ್ಗಿನಿಂದ ಬಂದರೆ ನೆರಳು ಉದ್ದ ಬೀಳುತ್ತೆ, ಸಣ್ಣ ಕಡ್ಡಿಯೂ ಎದ್ದು ಕಾಣುತ್ತೆ. ನೀವೂ ದೀಪವನ್ನ ಹಣೆಯಿಂದ ಇಳಿಸಿ ಸೊಂಟಕ್ಕೆ ಕಟ್ಟಿ ನೋಡಿ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎಡಗಡೆ, ಎದುರು ಬರುವ ಗಾಡಿಗೆ ಮುಖ ಮಾಡಿ ನಡೆಯಬೇಕು, ಕಾನೂನೇ ಹಾಗಿದೆ. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಹಣೆಯ ದೀಪ ಸಾಲದು. ಸೈಕಲ್ಲಿಗೇ ಮುಂದೆ 500 ಅಡಿ ದೂರದಿಂದ ಕಾಣುವ ಬಿಳಿ ದೀಪ, ಹಿಂದೆ ಕೆಂಪು ರಿಫ್ಲೆಕ್ಟರ್ ಅಥವಾ ಕೆಂಪು ದೀಪ ಇರಬೇಕು.

ಚೇಳಿನ ಕಾಟ ಇರೋ ಮನೆಯವರಿಗೆ ಒಂದು ಮಾತು. ಕೆಲವು ಹೆಡ್‌ಲ್ಯಾಂಪಿನಲ್ಲಿ ಯುವಿ ಬೆಳಕು ಇರುತ್ತೆ. ಇಲ್ಲಿನ ಪಟ್ಟೆ ಚೇಳು ಆ ಬೆಳಕಿಗೆ ಹಸಿರಾಗಿ ಹೊಳೆಯುತ್ತೆ. ಗ್ಯಾರೇಜಿನ ಮೂಲೆ, ಶೂ ಇಡುವ ಜಾಗ ಒಂದು ಸುತ್ತು ನೋಡಿ. ಚೇಳು ಕುಟುಕಿದರೆ 1-800-222-1222ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಹಾವು ಕಚ್ಚಿದರೆ ತಡ ಮಾಡದೆ 911. ಇನ್ನು ಎನ್‌ಚಾಂಟೆಡ್ ರಾಕ್‌ಗೆ ನಕ್ಷತ್ರ ನೋಡೋಕೆ ಹೋದರೆ ಕೆಂಪು ಬೆಳಕು ಮಾತ್ರ ಹಚ್ಚಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳೋಕೆ ಅರ್ಧ ಗಂಟೆ ಬೇಕು, ಒಂದು ಬಿಳಿ ದೀಪ ಸುತ್ತ ಇರೋ ಎಲ್ಲರದ್ದೂ ಹಾಳು ಮಾಡುತ್ತೆ.

ಕರೆಂಟ್ ಹೋಗೋದು ಇಲ್ಲಿಗೂ ಹೊಸದಲ್ಲ. 2021ರ ಫೆಬ್ರವರಿ ಹಿಮಗಾಳಿಯಲ್ಲಿ ಟೆಕ್ಸಾಸ್‌ನಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳಿಗೆ ಕರೆಂಟ್ ಹೋಗಿತ್ತು, ರಾಜ್ಯದ ಲೆಕ್ಕದಲ್ಲೇ 246 ಜನ ತೀರಿಕೊಂಡರು. ಇದ್ದಿಲ ಒಲೆ, ಜನರೇಟರ್ ಒಳಗೆ ಹಚ್ಚಿ ವಿಷಗಾಳಿಗೆ ಸಿಕ್ಕಿದವರೂ ಅವರಲ್ಲಿ ಇದ್ದರು. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ ಹ್ಯೂಸ್ಟನ್ ಕಡೆ 20 ಲಕ್ಷಕ್ಕೂ ಹೆಚ್ಚು ಗ್ರಾಹಕರು ಕತ್ತಲಲ್ಲಿ ಕೂತರು. ಮೇಣದಬತ್ತಿಗಿಂತ ಹೆಡ್‌ಲ್ಯಾಂಪ್ ಮೇಲು, ಮಗು ಎತ್ತಿಕೊಂಡೇ ಹಾಲು ಕಲಸಬಹುದು. ಮನೆಯ ದೀಪಕ್ಕೆ ಎಎಎ ಸೆಲ್ಲಿನದ್ದೇ ಒಳ್ಳೇದು, ಚಾರ್ಜ್ ಮಾಡೋಕೆ ಕರೆಂಟ್ ಬೇಕಿಲ್ಲ. ಮಾಮೂಲಿ ಆಲ್ಕಲೈನ್ ಸೆಲ್ ಚಳಿಗೆ ಸೋಲುತ್ತೆ, ವರ್ಷಗಟ್ಟಲೆ ಒಳಗೇ ಬಿಟ್ಟರೆ ಸೋರಿ ದೀಪ ತಿನ್ನುತ್ತೆ. ಲಿಥಿಯಂ ಎಎಎ ಎರಡಕ್ಕೂ ತಡೆಯುತ್ತೆ.

ಲಿಥಿಯಂ-ಅಯಾನ್ ಸೆಲ್ ಇರೋ ದೀಪ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಬಿಡಿ 18650 ಸೆಲ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳಬೇಡಿ, ಬೆಂಕಿ ಹತ್ತುವ ಅಪಾಯ ಇದೆ ಅಂತ ಇಲ್ಲಿನ ಗ್ರಾಹಕ ಸುರಕ್ಷತಾ ಆಯೋಗ 2021ರಲ್ಲೇ ಎಚ್ಚರಿಸಿದೆ. ದೀಪ ಮಾಡಿದ ಕಂಪನಿಯದ್ದೇ ಸೆಲ್ ಹಾಕಿ. ಊರಿಗೆ ಅಪ್ಪನಿಗೋ ಮಾವನಿಗೋ ಒಂದು ಒಯ್ಯುವವರು, ಒಂದೇ ಗುಂಡಿ ಇರೋದನ್ನ, ಫೋನ್ ಚಾರ್ಜರಿಗೇ ಹಾಕಬಹುದಾದ್ದನ್ನ ನೋಡಿ. ಹೆಚ್ಚುವರಿ ಲಿಥಿಯಂ ಸೆಲ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸೂಟ್‌ಕೇಸಿಗೆ ಹಾಕಬಾರದು.

ದುಡ್ಡಿನ ವಿಷಯ. ಪ್ರತಿ ವರ್ಷ ಏಪ್ರಿಲ್ ಕೊನೆಯ ಸೋಮವಾರಕ್ಕೆ ಮುಗಿಯುವ ಮೂರು ದಿನ, ಶನಿವಾರದಿಂದ, ಟೆಕ್ಸಾಸ್‌ನಲ್ಲಿ ತುರ್ತು ಸಾಮಾನಿಗೆ ಸೇಲ್ಸ್ ಟ್ಯಾಕ್ಸ್ ಇಲ್ಲ. 75 ಡಾಲರಿಗಿಂತ ಕಡಿಮೆ ಬೆಲೆಯ ಬ್ಯಾಟರಿ ದೀಪ, ಎಎ-ಎಎಎ ಸೆಲ್ ಎಲ್ಲಾ ಅದರಲ್ಲಿ ಬರುತ್ತೆ. ಇಲ್ಲಿನ ಟ್ಯಾಕ್ಸ್ 8.25 ಪರ್ಸೆಂಟ್. ನಾಲ್ಕು ಜನ ಸೇರಿ ಕೊಂಡರೆ ಒಂದು ಸೆಟ್ ಸೆಲ್ಲಿನ ದುಡ್ಡು ಉಳಿಯುತ್ತೆ.

ಆ ಮೇಜಿನ ಮೇಲೆ ನಾಲ್ಕು ಬೇರೆ ಬೇರೆ ಹೆಡ್‌ಲ್ಯಾಂಪ್ ಇಟ್ಟಿದ್ದೀನಿ, ಪಕ್ಕದಲ್ಲಿ ಕಂದು, ಕೆಂಪು, ಕಿತ್ತಳೆ, ಬೂದು, ಬಿಳಿ ವೈರಿನ ತುಂಡುಗಳಿವೆ. ಈಗ ಹಾಲಿನ ದೀಪ ಆರಿಸ್ತೀವಿ. ಒಬ್ಬೊಬ್ಬರಾಗಿ ಬನ್ನಿ, ಒಂದೊಂದು ಕಟ್ಟಿಕೊಂಡು ಯಾವ ವೈರ್ ಯಾವುದು ಅಂತ ಹೇಳಿ. ಅಕ್ಕಂದಿರು ಮೊದಲು ಬರಲಿ.