ಮಸಿ ಹಿಡಿಯುವ ಮಣ್ಣು

ಹಳೆಯ ಡೀಸೆಲ್ ಲಾರಿಯೊಂದು ದಿಬ್ಬ ಹತ್ತುವಾಗ ಹಿಂದಿನಿಂದ ಭುಗಭುಗನೆ ಏಳುವ ಕರಿಹೊಗೆಯನ್ನು ನೀವು ನೋಡಿರುತ್ತೀರಿ. ಅದೇ ದಿಬ್ಬವನ್ನು ಹೊಸ ಬಸ್ಸು ಹತ್ತಿದರೆ ಹಿಂದೆ ಏನೂ ಕಾಣುವುದಿಲ್ಲ. ಎರಡರಲ್ಲೂ ಉರಿಯುವುದು ಡೀಸೆಲ್ಲೇ. ಹೊಸ ಬಸ್ಸಿನ ಇಂಜಿನ್ನಿನಲ್ಲೂ ಮಸಿ ಹುಟ್ಟುತ್ತದೆ. ಮೊದಲಿಗಿಂತ ಕಡಿಮೆ, ಆದರೂ ಹುಟ್ಟುತ್ತದೆ. ಹಾಗಾದರೆ ಅದು ಎಲ್ಲಿಗೆ ಹೋಯಿತು?

ಬಸ್ಸಿನ ಅಡಿಯಲ್ಲಿ, ಸೈಲೆನ್ಸರ್ ಇರುವ ಕಡೆ, ಒಂದು ಉಕ್ಕಿನ ಡಬ್ಬಿ ಇದೆ. ಅದರೊಳಗೆ ಸುಟ್ಟ ಮಣ್ಣಿನ ಒಂದು ದಪ್ಪ ದಿಮ್ಮಿ. ಮಸಿ ಸಿಕ್ಕಿಬೀಳುವುದು ಅಲ್ಲೇ. ಮಡಕೆ ಮಾಡುವ ಮಣ್ಣಿನ ನೆಂಟನೊಬ್ಬ ಹೊಗೆಯನ್ನು ಸೋಸುತ್ತಾನೆ ಎಂದರೆ ನನಗೆ ಈಗಲೂ ಅಚ್ಚರಿ. ಅವನು ಹೇಗೆ ಆ ಕೆಲಸ ಕಲಿತ ಎಂದು ನೋಡೋಣ ಬನ್ನಿ.

ಮೊದಲು ಮಸಿಯ ವಿಷಯ. ಡೀಸೆಲ್ಲಿನಲ್ಲಿ ಮುಖ್ಯವಾಗಿ ಇರುವುದು ಕಾರ್ಬನ್ ಮತ್ತು ಹೈಡ್ರೋಜನ್, ಈ ಎರಡು ಧಾತುಗಳು. ಸಾಕಷ್ಟು ಗಾಳಿ ಸಿಕ್ಕಿದರೆ ಎರಡೂ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತವೆ. ಇಂಜಿನ್ನಿನೊಳಗೆ ಡೀಸೆಲ್ಲನ್ನು ಸಣ್ಣ ಹನಿಗಳಾಗಿ ಚಿಮ್ಮಿಸುತ್ತಾರೆ. ಆ ತುಂತುರಿನ ನಡುಮಧ್ಯಕ್ಕೆ ಗಾಳಿ ಬೇಗ ತಲುಪುವುದಿಲ್ಲ. ಅಲ್ಲಿ ಬಿಸಿ ಇದೆ, ಆಮ್ಲಜನಕ ಇಲ್ಲ. ಜೋಡಿ ಸಿಗದ ಕಾರ್ಬನ್ ಪರಮಾಣುಗಳು ತಮ್ಮತಮ್ಮಲ್ಲೇ ಸೇರಿ ಪುಟಾಣಿ ಉಂಡೆಗಳಾಗುತ್ತವೆ, ಉಂಡೆಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಒಂದು ಗೊಂಚಲಿನ ಅಗಲ ಸುಮಾರು 100 ನ್ಯಾನೋಮೀಟರ್. ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ನಿಮ್ಮ ತಲೆಗೂದಲಿನ ಅಡ್ಡಗಲಕ್ಕೆ ಇಂಥ ಸುಮಾರು 700 ಮಸಿ ಕಣಗಳನ್ನು ಸಾಲಾಗಿ ಕೂರಿಸಬಹುದು.

ಇಷ್ಟು ಸಣ್ಣದಾಗಿರುವುದೇ ಅಪಾಯ. ದೊಡ್ಡ ಧೂಳನ್ನು ಮೂಗು ತಡೆಯುತ್ತದೆ, ಸೀನಿ ಹೊರಹಾಕುತ್ತದೆ. ಮಸಿಯ ಕಣ ಮೂಗು ಗಂಟಲು ದಾಟಿ ಶ್ವಾಸಕೋಶದ ಆಳದ ಗಾಳಿಚೀಲಗಳವರೆಗೂ ಹೋಗುತ್ತದೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಖಚಿತವಾಗಿ ಹೇಳಿತು. ದೊಡ್ಡವರಿಗಿಂತ ಮಕ್ಕಳಿಗೆ ಇದು ಹೆಚ್ಚು ತಟ್ಟುತ್ತದೆ. ಮೈತೂಕಕ್ಕೆ ಹೋಲಿಸಿದರೆ ನೀವು ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತೀರಿ. ರಸ್ತೆಬದಿಯಲ್ಲಿ ನಿಂತಾಗ ನಿಮ್ಮ ಮೂಗು ಹೊಗೆಕೊಳವೆಗೆ ಹತ್ತಿರವೂ ಹೌದು. ಈ ಮಣ್ಣಿನ ದಿಮ್ಮಿಯ ಕಥೆಯನ್ನು ಮಕ್ಕಳಿಗೇ ಮೊದಲು ಹೇಳಬೇಕು ಅಂತ ನನಗೆ ಅನಿಸುವುದು ಅದಕ್ಕೇ.

ಹೊಗೆಯನ್ನು ಸೋಸಲು ಬಟ್ಟೆ ಕಟ್ಟಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಬೆಂಕಿಗೆ ಅಂಜದ್ದು ಬೇಕು. ಅಂಥದ್ದು ಸಿಕ್ಕಿದ್ದು ಅಮೆರಿಕದಲ್ಲಿ, ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಎಂಬ ಊರಿನಲ್ಲಿ. ಊರಿನ ಹೆಸರನ್ನೇ ಇಟ್ಟುಕೊಂಡ ಗಾಜಿನ ಕಂಪನಿ ಅಲ್ಲಿದೆ. ಎಡಿಸನ್ನರ ವಿದ್ಯುತ್ ದೀಪಕ್ಕೆ ಗಾಜಿನ ಬುರುಡೆ ಊದಿಕೊಟ್ಟದ್ದು ಇದೇ ಕಂಪನಿ. 1970ರಲ್ಲಿ ಅಮೆರಿಕ ಕಟ್ಟುನಿಟ್ಟಿನ ವಾಯು ಕಾಯ್ದೆ ತಂದು, ಕಾರಿನ ಹೊಗೆಯಲ್ಲಿರುವ ಮುಖ್ಯ ವಿಷಗಳು ಕೆಲವೇ ವರ್ಷಗಳಲ್ಲಿ ಶೇ 90ರಷ್ಟು ಇಳಿಯಬೇಕು ಎಂದಿತು. ಆಗ ಅವರ ಚಿಂತೆ ಮಸಿಯದಾಗಿರಲಿಲ್ಲ. ಪೆಟ್ರೋಲ್ ಕಾರುಗಳು ಉಗುಳುವ ಕಣ್ಣಿಗೆ ಕಾಣದ ವಿಷಾನಿಲಗಳದಾಗಿತ್ತು.

ಪ್ಲಾಟಿನಂ, ಪಲ್ಲಾಡಿಯಂನಂಥ ಲೋಹಗಳ ಮೈಗೆ ತಾಗಿದರೆ ಈ ಅನಿಲಗಳು ನಿರುಪದ್ರವಿ ಅನಿಲಗಳಾಗಿ ಬದಲಾಗುತ್ತವೆ. ಲೋಹ ಮಾತ್ರ ತಾನು ಸವೆಯದೆ ಹಾಗೇ ಉಳಿಯುತ್ತದೆ. ಇಂಥ ಸಹಾಯಕನಿಗೆ ವೇಗವರ್ಧಕ ಎನ್ನುತ್ತಾರೆ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಯೂಜೀನ್ ಹೌಡ್ರಿ ಎಂಬ ಇಂಜಿನಿಯರ್ 1950ರ ದಶಕದಲ್ಲೇ ಇದನ್ನು ಕಾರಿಗೆ ಅಳವಡಿಸಲು ಹೊರಟಿದ್ದರು. ಆಗಿನ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಸೀಸ ಬಂದು ವೇಗವರ್ಧಕದ ಮೈಗೆ ಮೆತ್ತಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತಿತ್ತು. ಪೆಟ್ರೋಲಿನಿಂದ ಸೀಸ ಹೋದ ಮೇಲೆಯೇ ಈ ವಿದ್ಯೆಗೆ ದಾರಿಯಾಯಿತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ.

ಪ್ಲಾಟಿನಂ ಬಲು ದುಬಾರಿ. ಕೆಲವೇ ಗ್ರಾಂ ಲೋಹ, ಅದನ್ನು ಬಹಳ ದೊಡ್ಡ ಮೈಮೇಲೆ ತೆಳ್ಳಗೆ ಹರಡಬೇಕು, ಹೊಗೆ ಎಲ್ಲೂ ತಡೆಯಿಲ್ಲದೆ ಅದನ್ನು ಸವರಿಕೊಂಡು ಹೋಗಬೇಕು. ಕಾರ್ನಿಂಗ್ ಕಂಪನಿಯ ಮೂವರು, ರಾಡ್ನಿ ಬ್ಯಾಗ್ಲಿ, ಅರ್ವಿನ್ ಲಾಕ್‌ಮನ್, ರೊನಾಲ್ಡ್ ಲೂಯಿಸ್, ಇದಕ್ಕೆ ಕಂಡುಕೊಂಡ ಉಪಾಯ ಎಂದರೆ ಸಾವಿರಾರು ಸಣ್ಣ ಕೊಳವೆಗಳನ್ನು ಒಟ್ಟಿಗೆ ಜೋಡಿಸಿದಂತಿರುವ ಪಿಂಗಾಣಿಯ ದಿಮ್ಮಿ. ಒಂದು ಚದರ ಅಂಗುಲದಲ್ಲಿ 400 ಚೌಕ ಕೊಳವೆಗಳು. ಕೊಳವೆ ಕೊಳವೆಯ ನಡುವಿನ ಗೋಡೆ ಮಿಲಿಮೀಟರಿನ ಆರನೇ ಒಂದು ಪಾಲಿನಷ್ಟು ತೆಳುವು.

ಇದನ್ನು ಮಾಡುವುದು ಹೇಗೆ? ಮನೆಯಲ್ಲಿ ಚಕ್ಕುಲಿ ಒರಳಿನಲ್ಲಿ ಹಿಟ್ಟು ತುಂಬಿ ಒತ್ತುವುದನ್ನು ನೋಡಿದ್ದೀರಲ್ಲ, ಬಿಲ್ಲೆಯ ತೂತು ಯಾವ ಆಕಾರದಲ್ಲಿದೆಯೋ ಹಿಟ್ಟು ಆ ಆಕಾರದಲ್ಲಿ ಇಳಿಯುತ್ತದೆ. ಬ್ಯಾಗ್ಲಿ ಮಾಡಿದ್ದೂ ಒಂದು ಉಕ್ಕಿನ ಬಿಲ್ಲೆಯೇ. ಆದರೆ ಅದಕ್ಕೆ ಎರಡು ಮುಖ. ಹಿಂದಿನ ಮುಖದಲ್ಲಿ ಸಾಲುಸಾಲು ತೂತು. ಮುಂದಿನ ಮುಖದಲ್ಲಿ ಉದ್ದಕ್ಕೂ ಅಡ್ಡಕ್ಕೂ ಕೊರೆದ ಕೂದಲೆಳೆಯಂಥ ಸೀಳುಗಳು. ಕಲಸಿದ ಹಸಿ ಮಣ್ಣನ್ನು ಹಿಂದಿನಿಂದ ಒತ್ತಿದರೆ ತೂತುಗಳ ಮೂಲಕ ಒಳಹೊಕ್ಕು, ಸೀಳುಗಳಲ್ಲಿ ಎಡಕ್ಕೆ ಬಲಕ್ಕೆ ಹರಡಿ, ಪಕ್ಕದ ತೂತಿನಿಂದ ಬಂದ ಮಣ್ಣಿನ ಜೊತೆ ಬೆಸೆದುಕೊಂಡು ಗೋಡೆಯಾಗಿ ಹೊರಬರುತ್ತದೆ. ಸೀಳಿಲ್ಲದ ಕಡೆ ಖಾಲಿ ಉಳಿದದ್ದೇ ಕೊಳವೆ. ಈ ಉದ್ದನೆಯ ದಿಮ್ಮಿಯನ್ನು ಬೇಕಾದಷ್ಟಕ್ಕೆ ಕತ್ತರಿಸಿ, ಒಣಗಿಸಿ, ಸುಮಾರು 1400 ಡಿಗ್ರಿ ಸೆಲ್ಸಿಯಸ್ ಕಾವಿನ ಭಟ್ಟಿಯಲ್ಲಿ ಸುಡುತ್ತಾರೆ.

ಕಲಸುವ ಪುಡಿ ಯಾವುದು ಗೊತ್ತೆ? ಬಿಳಿ ಜೇಡಿಮಣ್ಣು, ಅಲ್ಯೂಮಿನಾ ಪುಡಿ, ಮತ್ತೆ ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಎಂಬ ಮೆತ್ತನೆಯ ಖನಿಜ. ಭಟ್ಟಿಯಲ್ಲಿ ಮೂರೂ ಒಂದಾಗಿ ಕಾರ್ಡಿಯರೈಟ್ ಎಂಬ ಹೊಸ ಹರಳು ಹುಟ್ಟುತ್ತದೆ. ಅದಕ್ಕೆ ಆ ಹೆಸರು ಬಂದದ್ದು ಫ್ರಾನ್ಸಿನ ಭೂವಿಜ್ಞಾನಿ ಪಿಯರ್ ಕಾರ್ಡಿಯೆಯವರಿಂದ.

ಕಾರ್ಡಿಯರೈಟನ್ನೇ ಆರಿಸಿದ್ದಕ್ಕೆ ಕಾರಣವಿದೆ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಸುರಿದರೆ ಅದು ಬಿರಿಯುತ್ತದೆ, ಏಕೆಂದರೆ ಒಂದು ಭಾಗ ಹಿಗ್ಗಿರುತ್ತದೆ, ಇನ್ನೊಂದು ಕುಗ್ಗುತ್ತದೆ. ಹೊಗೆಯ ದಾರಿಯಲ್ಲಿ ಕೂತ ದಿಮ್ಮಿಗೆ ದಿನವೂ ಇದೇ ಪಾಡು. ಚಳಿಯ ಬೆಳಗ್ಗೆ ತಣ್ಣಗಿದ್ದದ್ದು ಇಂಜಿನ್ ಶುರುವಾದ ಸ್ವಲ್ಪ ಹೊತ್ತಿಗೇ ನೂರಾರು ಡಿಗ್ರಿ ಕಾಯುತ್ತದೆ. ಕಾರ್ಡಿಯರೈಟ್ ಹರಳಿನ ಗುಣ ನೋಡಿ: ಕಾಯಿಸಿದಾಗ ಅದು ಎರಡು ದಿಕ್ಕಿಗೆ ಹಿಗ್ಗುತ್ತದೆ, ಮೂರನೆಯ ದಿಕ್ಕಿಗೆ ಕುಗ್ಗುತ್ತದೆ! ಒತ್ತುವಾಗ ಜೇಡಿಮಣ್ಣಿನ ಚಪ್ಪಟೆ ಕಣಗಳು ಸೀಳಿನ ಉದ್ದಕ್ಕೆ ಮಲಗುವುದರಿಂದ ಹರಳುಗಳೂ ಒಂದು ಶಿಸ್ತಿನಲ್ಲಿ ಬೆಳೆಯುತ್ತವೆ, ಹಿಗ್ಗುವುದೂ ಕುಗ್ಗುವುದೂ ಹೆಚ್ಚುಕಡಿಮೆ ಸರಿದೂಗುತ್ತದೆ. ಇದನ್ನು ಪತ್ತೆ ಹಚ್ಚಿದವರು ಲಾಕ್‌ಮನ್ ಮತ್ತು ಲೂಯಿಸ್. 15 ಸೆಂಟಿಮೀಟರ್ ಉದ್ದದ ಉಕ್ಕಿನ ತುಂಡು 800 ಡಿಗ್ರಿ ಕಾದರೆ ಸುಮಾರು ಒಂದೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ಉದ್ದದ ಈ ದಿಮ್ಮಿ ಉದ್ದವಾಗುವುದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು. ಹಾಗಾಗಿ ಬಿರುಕು ಬಿಡದೆ ವರ್ಷಗಟ್ಟಲೆ ಬಾಳುತ್ತದೆ.

ಇನ್ನು ಮಸಿಗೆ ಬರೋಣ. ಈ ದಿಮ್ಮಿಯ ಕೊಳವೆಗಳು ಎರಡೂ ಕಡೆ ತೆರೆದಿದ್ದರೆ ಹೊಗೆಯ ಜೊತೆ ಮಸಿಯೂ ಸಲೀಸಾಗಿ ಹೊರಗೆ ಹೋಗುತ್ತದೆ. ಆಗ ಬಂದ ಯೋಚನೆ ಸರಳ, ಆದರೆ ಬಹಳ ಚೆಂದ. ಒಂದು ಕೊಳವೆಯ ಮುಂದಿನ ಬಾಯಿ ಮುಚ್ಚಿ, ಅದರ ಪಕ್ಕದ್ದರ ಹಿಂದಿನ ಬಾಯಿ ಮುಚ್ಚಿ, ಹೀಗೇ ಒಂದು ಬಿಟ್ಟು ಒಂದು. ತೆರೆದ ಕೊಳವೆಯೊಳಗೆ ನುಗ್ಗಿದ ಹೊಗೆಗೆ ಮುಂದೆ ದಾರಿಯಿಲ್ಲ. ಪಕ್ಕದ ಗೋಡೆಯೊಳಗೆ ನುಸುಳಿಯೇ ಆಚೆ ಕೊಳವೆಗೆ ಹೋಗಬೇಕು. ಸೋಸುವ ದಿಮ್ಮಿಯ ಗೋಡೆಯಲ್ಲಿ ಬೇಕೆಂದೇ ಸೂಕ್ಷ್ಮ ರಂಧ್ರಗಳನ್ನು ಉಳಿಸಿರುತ್ತಾರೆ. ಗೋಡೆಯ ಅರ್ಧದಷ್ಟು ಬರೀ ಖಾಲಿ ಜಾಗ. ಗಾಳಿ ದಾಟುತ್ತದೆ, ಮಸಿ ಈಚೆ ಉಳಿಯುತ್ತದೆ.

ರಂಧ್ರಗಳು ಮಸಿಗಿಂತ ಸಣ್ಣವು, ಅದಕ್ಕೇ ಮಸಿ ದಾಟಲಿಲ್ಲ ಎಂದು ನೀವು ಅಂದುಕೊಂಡಿರಬಹುದು. ನಿಜ ಏನೆಂದರೆ ಆ ರಂಧ್ರಗಳು ಮಸಿಯ ಕಣಕ್ಕಿಂತ ನೂರು ಪಟ್ಟು ಅಥವಾ ಅದಕ್ಕೂ ಹೆಚ್ಚು ದೊಡ್ಡವು! ಬಾಗಿಲು ಅಷ್ಟು ಅಗಲವಿದ್ದರೂ ಕಣ ಯಾಕೆ ಆಚೆ ಹೋಗುವುದಿಲ್ಲ? ಅದು ನೇರ ನಡೆಯಲಾರದು, ಅದಕ್ಕೆ. ಗಾಳಿಯ ಅಣುಗಳು ಎಲ್ಲ ದಿಕ್ಕಿನಿಂದ ಬಂದು ಪುಟ್ಟ ಕಣಕ್ಕೆ ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ಕಣ ಅತ್ತ ಇತ್ತ ತತ್ತರಿಸುತ್ತಾ ಸಾಗುತ್ತದೆ. ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1827ರಲ್ಲಿ ನೀರಿನಲ್ಲಿ ತೇಲುವ ಕಣಗಳು ಹೀಗೆ ಕುಣಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅದಕ್ಕೆ ಅಣುಗಳ ಹೊಡೆತವೇ ಕಾರಣ ಎಂದು 1905ರಲ್ಲಿ ಲೆಕ್ಕ ಮಾಡಿ ತೋರಿಸಿದವರು ಐನ್‌ಸ್ಟೈನ್. ಅಂಕುಡೊಂಕಿನ ರಂಧ್ರದಲ್ಲಿ ತತ್ತರಿಸುತ್ತಾ ಹೋಗುವ ಕಣ ಎಲ್ಲೋ ಒಂದು ಕಡೆ ಗೋಡೆಗೆ ತಾಗಿಯೇ ತಾಗುತ್ತದೆ. ತಾಗಿದರೆ ಮುಗಿಯಿತು, ಅಂಟಿಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಮೇಲೆ ಮಸಿಯದೇ ಒಂದು ಪದರ ಕಟ್ಟುತ್ತದೆ, ಆಮೇಲೆ ಬರುವ ಮಸಿಯನ್ನು ಹಿಡಿಯುವುದು ಆ ಮಸಿಯೇ. ಹೊಚ್ಚ ಹೊಸ ಫಿಲ್ಟರಿಗಿಂತ ಸ್ವಲ್ಪ ಮಸಿ ಹಿಡಿದ ಫಿಲ್ಟರ್ ಇನ್ನೂ ಚೆನ್ನಾಗಿ ಸೋಸುತ್ತದೆ. ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಪದರ ತೀರ ದಪ್ಪವಾದರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ಆಗ ಮಸಿಯನ್ನು ಅಲ್ಲೇ ಸುಡಬೇಕು. ಮಸಿ ಕಾರ್ಬನ್ ತಾನೆ, ಸುಮಾರು 600 ಡಿಗ್ರಿ ಕಾವು ಕೊಟ್ಟರೆ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಬಂಡಿಗೆ ಇದು ಸುಲಭ, ಹೊಗೆಯೇ ಚೆನ್ನಾಗಿ ಕಾದಿರುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ತೆವಳುವ ಕಾರಿನ ಹೊಗೆಗೆ ಅಷ್ಟು ಕಾವು ಬರುವುದೇ ಇಲ್ಲ. ಹಾಗಾಗಿ ಇಂಜಿನ್ನಿನ ಕಂಪ್ಯೂಟರ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಸುರಿದು ಫಿಲ್ಟರನ್ನು ಕಾಯಿಸುತ್ತದೆ. ಅದೂ ಸಾಲದಿದ್ದರೆ ಚಾಲಕನ ಮುಂದೆ ಒಂದು ದೀಪ ಹೊತ್ತಿ, ಗಾಡಿಯನ್ನು ಸ್ವಲ್ಪ ದೂರ ತಡೆಯಿಲ್ಲದೆ ಓಡಿಸು ಎನ್ನುತ್ತದೆ.

ತುಂಬಾ ಮಸಿ ಒಮ್ಮೆಲೇ ಹೊತ್ತಿಕೊಂಡರೆ ಕಾವು 1000 ಡಿಗ್ರಿ ಮೀರಬಹುದು. ಅಂಥ ಕಡೆ ಕಾರ್ಡಿಯರೈಟಿಗಿಂತ ಗಟ್ಟಿಗ ಬೇಕು. ಅವನು ಸಿಲಿಕಾನ್ ಕಾರ್ಬೈಡ್, ಕಾರ್ಬನ್ ಮತ್ತು ಸಿಲಿಕಾನ್ ಸೇರಿ ಆದ ಪಿಂಗಾಣಿ. ಚಾಕು ಮಸೆಯುವ ಕರಿ ಸಾಣೆಕಲ್ಲಿನಲ್ಲಿ ನೀವು ಇದನ್ನು ನೋಡಿರಬಹುದು. ಭೂಮಿಯ ಮೇಲೆ ತಾನಾಗಿ ಸಿಗುವುದು ಬಲು ಅಪರೂಪ. ಫ್ರಾನ್ಸಿನ ಆನ್ರಿ ಮೊಯಿಸಾನ್ ಅದನ್ನು ಗುರುತಿಸಿದ್ದು ಅರಿಜೋನಾದಲ್ಲಿ ಬಿದ್ದ ಉಲ್ಕಾಶಿಲೆಯೊಳಗೆ! ಇದು ಶಾಖವನ್ನು ಬೇಗ ಹರಡುತ್ತದೆ, ಆದರೆ ಕಾರ್ಡಿಯರೈಟಿಗಿಂತ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಇಡೀ ದಿಮ್ಮಿಯನ್ನು ಒಂದೇ ತುಂಡಾಗಿ ಮಾಡದೆ ಸಣ್ಣ ಚೌಕ ಕಂಬಗಳನ್ನು ಮಾಡಿ ಸಿಮೆಂಟಿನಂಥ ಅಂಟಿನಿಂದ ಜೋಡಿಸುತ್ತಾರೆ. 2000ದಲ್ಲಿ ಫ್ರಾನ್ಸಿನ ಪೆಷೋ 607 ಕಾರು ಇಂಥ ಫಿಲ್ಟರಿನೊಂದಿಗೆ ರಸ್ತೆಗಿಳಿಯಿತು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಯಾದ ಮೇಲೆ ಹೊಸ ಡೀಸೆಲ್ ಕಾರು, ಬಸ್ಸು, ಲಾರಿಗಳಲ್ಲಿ ಮಸಿಯ ಫಿಲ್ಟರ್ ಬಂದಿದೆ. ಅದಕ್ಕಾಗಿ ಡೀಸೆಲ್ಲಿನ ಗಂಧಕವನ್ನೂ 10 ಲಕ್ಷಕ್ಕೆ 10 ಪಾಲಿಗೆ ಇಳಿಸಿದರು.

ಒಂದು ಮಾತು ಮುಚ್ಚಿಡಬಾರದು. ಮಸಿ ಸುಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡನ್ನು ಈ ಫಿಲ್ಟರ್ ತಡೆಯುವುದಿಲ್ಲ, ಅದು ಗಾಳಿಗೇ ಹೋಗುತ್ತದೆ, ಭೂಮಿಯನ್ನು ಬಿಸಿ ಮಾಡುತ್ತದೆ. ಫಿಲ್ಟರ್ ಕಾಯುವುದು ನಮ್ಮ ಶ್ವಾಸಕೋಶವನ್ನು.

ಇಲ್ಲಿಯವರೆಗೆ ಕಾರ್ಬನ್ ನಮಗೆ ತೊಂದರೆ ಕೊಡುವವನಾಗಿದ್ದ. ಅವನೇ ಸಹಾಯಕ್ಕೆ ಬರುವ ಜಾಗವೂ ಇದೆ. ಬಿಸಿಲಲ್ಲಿ ನಿಂತ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲ್ ಸುಮ್ಮನೆ ಆವಿಯಾಗುತ್ತಿರುತ್ತದೆ. ಇಂಜಿನ್ ಓಡದಿದ್ದರೂ ಆ ಆವಿ ಗಾಳಿ ಸೇರಿದರೆ ಕೇಡು. ಅದನ್ನು ಹಿಡಿಯಲು ಟ್ಯಾಂಕಿನಿಂದ ಒಂದು ಕೊಳವೆ ಹೊರಟು ಇದ್ದಿಲು ತುಂಬಿದ ಡಬ್ಬಿಗೆ ಹೋಗುತ್ತದೆ. ಸಾಧಾರಣ ಇದ್ದಿಲಲ್ಲ, ವಿಶೇಷವಾಗಿ ಹದಗೊಳಿಸಿ ಒಳಗೆಲ್ಲ ಲೆಕ್ಕವಿಲ್ಲದಷ್ಟು ರಂಧ್ರ ಮೂಡಿಸಿದ್ದು. ಅದರ ಒಂದೇ ಒಂದು ಗ್ರಾಂ ತೆಗೆದುಕೊಂಡು ಒಳಗಿನ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ 1000 ಚದರ ಮೀಟರ್ ದಾಟುತ್ತದೆ, ಅಂದರೆ ಸುಮಾರು 10 ಗುಂಟೆ ಜಮೀನು! ಪೆಟ್ರೋಲ್ ಆವಿಯ ಅಣುಗಳು ಆ ಗೋಡೆಗಳಿಗೆ ಅಂಟಿಕೊಂಡು ಕೂರುತ್ತವೆ. ಇಂಜಿನ್ ಶುರುವಾದ ಮೇಲೆ ಇದ್ದಿಲಿನ ಮೂಲಕ ಹೊರಗಾಳಿಯನ್ನು ಎಳೆದುಕೊಳ್ಳುತ್ತದೆ, ಆವಿ ಗೋಡೆ ಬಿಟ್ಟು ಬಂದು ಇಂಜಿನ್ನಿನಲ್ಲಿ ಉರಿಯುತ್ತದೆ. ಇದ್ದಿಲು ಮತ್ತೆ ಖಾಲಿ, ಮತ್ತೆ ತಯಾರು.

ನೀರಿನ ಫಿಲ್ಟರಿಗೆ ತೆಂಗಿನ ಕರಟದ ಇದ್ದಿಲು ತುಂಬಾ ಒಳ್ಳೆಯದು. ಪೆಟ್ರೋಲ್ ಆವಿಗೆ ಹೆಚ್ಚಾಗಿ ಮರದ ಇದ್ದಿಲನ್ನು ಬಳಸುತ್ತಾರೆ. ಕರಟದ ಇದ್ದಿಲಿನ ರಂಧ್ರಗಳು ತೀರ ಕಿರಿದಾದವು, ಹಿಡಿದ ಆವಿಯನ್ನು ಅವು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಇಲ್ಲಿ ಹಿಡಿಯುವಷ್ಟೇ ಬಿಡುವುದೂ ಮುಖ್ಯ.

ಈ ಇದ್ದಿಲು ಆವಿಗೆ ಗೆಳೆಯ, ದ್ರವ ಪೆಟ್ರೋಲಿಗೆ ಅಲ್ಲ. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕ್ ತುಂಬಿದಾಗ ಪೈಪು ಟಕ್ಕೆಂದು ತಾನೇ ನಿಲ್ಲುತ್ತದೆ. ಆಮೇಲೂ ಕತ್ತಿನವರೆಗೆ ತುಂಬಿಸಿದರೆ ಪೆಟ್ರೋಲ್ ಆವಿಯ ಕೊಳವೆಗೆ ಹರಿದು ಡಬ್ಬಿಯ ಇದ್ದಿಲನ್ನು ತೊಯ್ಯಿಸುತ್ತದೆ, ರಂಧ್ರಗಳೆಲ್ಲ ತುಂಬಿ ಅದು ಕೆಲಸ ಬಿಡುತ್ತದೆ. ಮುಂದಿನ ಸಲ ಅಪ್ಪನೋ ಮಾವನೋ "ಇನ್ನೊಂಚೂರು ಹಾಕಪ್ಪ" ಎಂದರೆ, ಸಾಕು ಎಂದು ನೀವು ಹೇಳಿ. ಯಾಕೆ ಎಂದು ಕೇಳಿದರೆ ವಿವರಿಸಲು ನಿಮಗೆ ಈಗ ಗೊತ್ತಲ್ಲ.